ಕೋವಿಯ ದೋಷ

ನವೆಂಬರ್ 9, 1943

ಹತ್ತು ವರ್ಷದ ಹಿಂದೆ ಅಕ್ಷರ ಕಲಿಸುವ ಡೇರೆ ನಮ್ಮ ಕಣಿವೆಗೆ ಬಂದಿತ್ತು. ಮುದುಕಿಯರ ಪೈಕಿ ತಪ್ಪಿಲ್ಲದೆ ಬರೆದವಳು ನಾನೊಬ್ಬಳೇ ಎಂದು ಮೇಷ್ಟರು ಈ ಪುಸ್ತಕ ಬಹುಮಾನ ಕೊಟ್ಟರು. ಬರೆಯುವಂಥದ್ದೇನೂ ಇರಲಿಲ್ಲ, ಪೆಟ್ಟಿಗೆಯಲ್ಲಿಟ್ಟೆ. ಈಗ ತೆಗೆದಿದ್ದೇನೆ. ಬಾಯಿಬಿಟ್ಟು ಬೈದರೆ ಸೊಸೆ ಅಳುತ್ತಾಳೆ, ಅತ್ತರೆ ಹಾಲು ಬತ್ತುತ್ತದೆ. ಆದ್ದರಿಂದ ಇನ್ನು ಮೇಲೆ ಬೈಗುಳವೆಲ್ಲ ಇಲ್ಲಿಗೆ.

ಮೊದಲ ಬೈಗುಳ ಈ ಪುಸ್ತಕ ಮಾಡಿದವರಿಗೆ. ಗೆರೆಗಳನ್ನು ಎಷ್ಟು ತೆಳ್ಳಗೆ ಎಳೆದಿದ್ದಾರೆಂದರೆ ಇದ್ದೂ ಇಲ್ಲದ ಹಾಗೆ. ಕೊಟ್ಟಾಗ ಚೆನ್ನಾಗಿಯೇ ಕಾಣುತ್ತಿದ್ದವು. ಪೆಟ್ಟಿಗೆಯಲ್ಲಿ ಮಾಸಿರಬೇಕು.

ಮಗ ಸಾನಾಶ್ ಫೆಬ್ರವರಿಯಲ್ಲಿ ಯುದ್ಧಕ್ಕೆ ಹೋದ. ಮೊಮ್ಮಗಳು ಎರ್ಕೆಲೈ ಹುಟ್ಟಿ ಇವತ್ತಿಗೆ ನಲವತ್ತು ದಿನ. ಸೊಸೆ ಸಿರ್ಗಾಳಿಗೆ ಹಾಲು ದಿನದಿನಕ್ಕೂ ಕಡಿಮೆಯಾಗುತ್ತಿದೆ. ಹಸು ಬತ್ತಿದೆ. ದೊಡ್ಡಿಯಲ್ಲಿ ನೂರಾರು ಕುರಿಗಳಿವೆ, ಎಲ್ಲ ಸರ್ಕಾರದ ಸಾಮೂಹಿಕ ಸಂಘದವು. ನಾವು ಕಾಯುವವರು, ಒಂದನ್ನು ಕೊಯ್ದರೆ ಜೈಲು. ಬರಿಯ ಹುರಿಹಿಟ್ಟು ತಿಂದವಳ ಎದೆಗೆ ಹಾಲು ಎಲ್ಲಿಂದ ಬರಬೇಕು? ಬಾಣಂತಿಗೆ ಎಲಿಕ್ ಜಿಂಕೆಯ ಸಾರು ಬೇಕು. ಮೂರು ದಿನ ಕುಡಿದರೆ ಕಲ್ಲಿಗೂ ಹಾಲಿಳಿಯುತ್ತದೆ. ನಾನು ಹೆತ್ತಾಗ ನಮ್ಮ ಯಜಮಾನ ಹೊಡೆದು ತಂದಿದ್ದ.

ಅವನ ಹೆಸರು ಬರೆಯುವುದಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಆಡದವಳು ಕೈಯಲ್ಲಿ ಯಾಕೆ ಆಡಬೇಕು? ಸತ್ತು ಆರು ವರ್ಷವಾಯಿತು. ಅವನ ಕೋವಿ ಮಾತ್ರ ಗಂಡಸರ ಬದಿಯ ಗೋಡೆಯಲ್ಲಿ ತೂಗುತ್ತಿದೆ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜ ಹಾಕಿ ಜಡಿದು, ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಕೋವಿ. ಯುದ್ಧಕ್ಕೆಂದು ರೈಫಲ್ ಒಯ್ಯಲು ಬಂದವರು ಇದನ್ನು ನೋಡಿ ನಕ್ಕು ಬಿಟ್ಟುಹೋದರು. ಹೆಂಗಸರು ಕೋವಿ ಮುಟ್ಟಬಾರದು, ನಿಜ. ಆದರೆ ಮುಟ್ಟು ನಿಂತ ಮುದುಕಿ ಅರ್ಧ ಗಂಡಸು. ಉಳಿದರ್ಧವನ್ನು ಹಸಿವು ತುಂಬುತ್ತದೆ. ಯಜಮಾನ ಕೆಮ್ಮಿ ಕೆಮ್ಮಿ ಮಲಗಿದ ಕೊನೆಯ ಎರಡು ಚಳಿಗಾಲ ಬೇಟೆಯಾಡಿ ಮನೆ ನಡೆಸಿದವಳು ನಾನು. ಊರಿಗೆ ಅದು ಗೊತ್ತಿಲ್ಲ. ಹೊಡೆದದ್ದು ನಾನು, ಹೆಸರು ಅವನದು.

ಮನೆಯಲ್ಲಿದ್ದ ಸೀಸವನ್ನೆಲ್ಲ ಕರಗಿಸಿ ಅಚ್ಚಿಗೆ ಹೊಯ್ದೆ. ಐದು ಗುಂಡಾಯಿತು.

ನವೆಂಬರ್ 12

ತಪ್ಪಿತು.

ಮೂವತ್ತು ಹೆಜ್ಜೆಯಲ್ಲಿತ್ತು. ತಲೆ ತಗ್ಗಿಸಿ ಹಿಮ ಕೆದಕಿ ಹುಲ್ಲು ತಿನ್ನುತ್ತಿತ್ತು. ಕೋವಿಯನ್ನು ಕವಲುಕಾಲಿನ ಮೇಲಿಟ್ಟು, ಎಲಿಕ್ ಒಂದು ದಪ್ಪ ಲಾರ್ಚ್ ಮರಕ್ಕೆ ಅಡ್ಡ ಬರುವ ತನಕ ಕಾದೆ. ನಮ್ಮವರು ಬಯಲಿಗೆ ಗುಂಡು ಹಾರಿಸುವುದಿಲ್ಲ. ತಾಗಿದರೆ ಗುಂಡು ಮಾಂಸದಲ್ಲಿ ಸಿಗಬೇಕು, ತಪ್ಪಿದರೆ ಮರದಲ್ಲಿ ಸಿಗಬೇಕು. ಅಗೆದು ತೆಗೆದು ಮತ್ತೆ ಕರಗಿಸಬೇಕು. ಒಂದೇ ಸೀಸದಲ್ಲಿ ನಮ್ಮ ಯಜಮಾನ ಒಂದು ಇಡೀ ಚಳಿಗಾಲ ಬೇಟೆಯಾಡಿದ್ದುಂಟು.

ಹೊಗೆ ಹೋದ ಮೇಲೆ ನೋಡಿದರೆ ಎಲಿಕ್ ಇಲ್ಲ, ರಕ್ತವೂ ಇಲ್ಲ. ಆ ಲಾರ್ಚಿನ ತೊಗಟೆಯನ್ನೆಲ್ಲ ಅಂಗೈಯಿಂದ ಸವರಿದೆ. ಗುಂಡಿಲ್ಲ. ಕೊನೆಗೆ ಸಿಕ್ಕಿದ್ದು ಮೂರು ಹೆಜ್ಜೆ ಬಲಕ್ಕಿದ್ದ ಬೇರೆ ಮರದಲ್ಲಿ. ಅಗೆದು ತೆಗೆದೆ, ಐದು ಐದೇ ಉಳಿಯಿತು. ಮೂವತ್ತು ಹೆಜ್ಜೆಗೆ ಮೂರು ಹೆಜ್ಜೆ ಪಕ್ಕಕ್ಕೆ ನಡೆಯುವ ಗುಂಡನ್ನು ನಾನು ಕಂಡಿಲ್ಲ. ಇದು ಗುರಿಯ ತಪ್ಪಲ್ಲ. ಕೋವಿಗೆ ದೋಷ ತಗಲಿದೆ. ಹೆಂಗಸು ದಾಟಿದ ಕೋವಿ ಮಾತ್ರ ಹೀಗೆ ಹಾರುತ್ತದೆ.

ಮನೆಗೆ ಬಂದು ಸೊಸೆಯನ್ನು ಕೇಳಿದೆ.

"ಕೋವಿ ದಾಟಿದೆಯಾ?"

"ಇಲ್ಲ ಅತ್ತೆ."

"ಮೊನ್ನೆ ಕೋವೀನ ಎಣ್ಣೆ ಹಚ್ಚೋಕೆ ಒಲೆ ಹತ್ರ ಮಲಗಿಸಿದ್ದೆ. ಮಗು ಅತ್ತಿತು, ನೀನು ಎದ್ದು ಓಡಿದೆ. ಹೇಗೆ ಹೋದೆ? ರೆಕ್ಕೆ ಬಂದಿತ್ತಾ?"

"ಸುತ್ತಿಕೊಂಡೇ ಹೋದೆ."

"ಅಳೋ ಮಗು ಬಿಟ್ಟು ಸುತ್ತಿಕೊಂಡು ಹೋಗೋ ತಾಯಿ ಇರ್ತಾಳಾ?"

ಇರುತ್ತಾಳೆ ಎಂದರೆ ಕೆಟ್ಟ ತಾಯಿ, ಇಲ್ಲ ಎಂದರೆ ಕೆಟ್ಟ ಸೊಸೆ. ನನ್ನ ಪ್ರಶ್ನೆಗಳು ಹಾಗೇ ಇರುತ್ತವೆ. ನನ್ನ ಅತ್ತೆಯಿಂದ ಕಲಿತದ್ದು.

ನವೆಂಬರ್ 13

ಅರ್ಚಿನ್ ಸೊಪ್ಪಿನ ಹೊಗೆ ಹಾಕಿ ಕೋವಿಯನ್ನು ನಳಿಗೆಯಿಂದ ಹಿಡಿಯವರೆಗೆ ಮೂರು ಸಲ ಶುದ್ಧ ಮಾಡಿದೆ. ಆದರೆ ಬಾಣಂತಿ ಇರುವ ಮನೆಯಲ್ಲಿ ಎಷ್ಟು ಹೊಗೆ ಹಾಕಿದರೂ ಅಷ್ಟೇ. ಒಂದು ಕಡೆ ತೊಳೆ, ಇನ್ನೊಂದು ಕಡೆ ಮೆತ್ತು. ಕೋವಿ ತೆಗೆದುಕೊಂಡು ಮೇಲಿನ ಕಾಡಿಗೆ ಹೋಗುತ್ತೇನೆ. ಯಜಮಾನ ಕಟ್ಟಿದ ಬೇಟೆಗುಡಿಸಲು ಅಲ್ಲಿದೆ, ಅರ್ಧ ದಿನದ ದಾರಿ. ಒಂದು ಎಲಿಕ್ ಹೊಡೆದ ಮೇಲೆಯೇ ಇಳಿಯುವುದು.

ಸಿರ್ಗಾ ಬಾಗಿಲಲ್ಲಿ ನಿಂತಳು.

"ಒಬ್ಬರೇ ಹೋಗ್ಬೇಡಿ ಅತ್ತೆ. ನಿಮ್ಮ ಕಣ್ಣು ಈಚೆಗೆ..."

"ನನ್ನ ಕಣ್ಣಿಗೇನಾಗಿದೆ? ನಿನ್ನ ಮೂಗಿನ ಮೇಲಿರೋ ಮಸಿ ಕಾಣ್ತಿದೆ ನೋಡು. ಒರೆಸ್ಕೋ."

ಒರೆಸಿಕೊಂಡಳು. ಮಸಿ ಹೋಗಲಿಲ್ಲ. ಮತ್ತೆ ಒರೆಸಿಕೊಂಡಳು. ಮದುವೆಯಾಗಿ ಎರಡು ವರ್ಷವಾದರೂ ಮುಖ ತೊಳೆಯುವುದು ಕಲಿತಿಲ್ಲ.

ನವೆಂಬರ್ 16

ಗುಡಿಸಲು ಗಟ್ಟಿಯಾಗಿಯೇ ಇದೆ. ಮೂಲೆಯಲ್ಲಿ ಯಜಮಾನ ಕುಳಿತು ಕುಳಿತು ನಯವಾದ ಮರದ ಕೊರಡು ಇದೆ. ಅದರ ಮೇಲೆ ಕೂರಲಿಲ್ಲ. ಎದುರಿಗೆ ಕುಳಿತೆ. ಬೆಂಕಿಗೆ ಚಹಾ ಚಿಮುಕಿಸಿದೆ, ಬೆಟ್ಟದೊಡೆಯನಿಗೆ ಚಿಮುಕಿಸಿದೆ. ಒಂದು ಬಿಳಿ ಬಟ್ಟೆಚೂರು ಮರಕ್ಕೆ ಕಟ್ಟಿ, "ನಿನ್ನ ಮಂದೆ ದೊಡ್ಡದು, ನಾನು ಕೇಳೋದು ಒಂದೇ" ಎಂದೆ.

ಕೈಚೀಲ ಹರಿದಿತ್ತು. ಹೊಲಿಯಲು ಸೂಜಿ ಹುಡುಕಿದರೆ ಒಳಮಡಿಕೆಯಲ್ಲಿ ನಾಲ್ಕು ಸೂಜಿ ಚುಚ್ಚಿವೆ, ನಾಲ್ಕಕ್ಕೂ ನರದ ದಾರ ಪೋಣಿಸಿ. ಸಿರ್ಗಾಳ ಕೆಲಸ. ಮನೆಯಲ್ಲಿರುವುದೇ ನಾಲ್ಕು ಸೂಜಿ. ಇನ್ನು ಅವಳು ಏನು ಹಿಡಿದು ಹೊಲಿಯುತ್ತಾಳೆ? ಬುದ್ಧಿಯಿಲ್ಲದ ಹುಡುಗಿ. ಆದರೂ ಒಳ್ಳೆಯದಾಯಿತು. ಈಗಿನ ಸೂಜಿಗಳಿಗೆ ಕಣ್ಣು ಇಡುವುದನ್ನೇ ಬಿಟ್ಟಿದ್ದಾರೆ.

ಬಹಳ ಮಂಜು.

ನವೆಂಬರ್ 21

ಒಂದು ಗುಂಡು ಹೋಯಿತು. ಯಾವ ಮರದಲ್ಲೂ ಸಿಗಲಿಲ್ಲ.

ಇಲ್ಲಿ ಬೈಯಲೂ ಯಾರಿಲ್ಲ. ಪೈನ್ ಬೀಜ ಕದಿಯುವ ಹಕ್ಕಿಯೊಂದು ದಿನವೂ ಬಂದು ಮಾಡಿನ ಮೇಲೆ ಕೂಗುತ್ತದೆ. ಅದಕ್ಕೇ ಬೈಯುತ್ತೇನೆ. ಉತ್ತರ ಕೊಡುತ್ತದೆ. ಸಿರ್ಗಾಳಿಗಿಂತ ವಾಸಿ.

ನವೆಂಬರ್ 25

ಮೂರು ದಿನದಲ್ಲಿ ಮೂರು ಗುಂಡು. ಎಲ್ಲಿ ಹೋಗುತ್ತವೋ ಬೆಟ್ಟದೊಡೆಯನಿಗೇ ಗೊತ್ತು. ನಿನ್ನೆ ಒಂದು ಕಂದು ಮೈ, ಅದರ ಹಿಂದೆ ಎಲಿಕ್‌ಗಿರುವ ಬಿಳಿಯ ಮಚ್ಚೆ, ಎರಡನ್ನೂ ಸರಿಯಾಗಿ ಕಂಡೇ ಹೊಡೆದೆ. ಅದು ಕದಲಲಿಲ್ಲ. ಹತ್ತಿರ ಹೋದರೆ ಬುಡ ಸಮೇತ ಕಿತ್ತುಬಿದ್ದ ಬೇರು, ಅದರ ಮೇಲೊಂದು ಹಿಡಿ ಹಿಮ. ಕಾಡು ನನ್ನ ಜೊತೆ ಆಟವಾಡುತ್ತಿದೆ. ಗುಂಡನ್ನು ಆ ಬೇರಿನಲ್ಲಿಯೂ ಹುಡುಕಿದೆ. ಬೇರಿಗೂ ತಾಗಿಲ್ಲ.

ಈಗ ಉಳಿದಿರುವುದು ಒಂದೇ.

ಮಂಜು ಬಿಟ್ಟೇ ಇಲ್ಲ. ಹತ್ತು ದಿನದಿಂದ ಎದುರು ಗುಡ್ಡ ಕಂಡಿಲ್ಲ. ದೀಪದ ಕೊಬ್ಬಿನಲ್ಲಿ ಏನೋ ಬೆರಕೆ ಇದೆ, ಜ್ವಾಲೆಯ ಸುತ್ತ ಬಳೆಯ ಹಾಗೆ ಬಣ್ಣ ನಿಲ್ಲುತ್ತದೆ. ಹಗಲಲ್ಲಿ, ಬಾಗಿಲಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿ ಬರೆಯುವುದು ಒಳ್ಳೆಯದು ಅನ್ನಿಸಿತು. ಪುಸ್ತಕ ಉಳಿಸಿ ಯಾರಿಗೆ ಕೊಡಬೇಕು?

ನವೆಂಬರ್ 28

ಇವತ್ತು ಮನುಷ್ಯರ ಧ್ವನಿ ಕೇಳಿದೆ. ಮೈದುನ ಶೊಂಕೊರ್ ಬಂದಿದ್ದ. ಯಜಮಾನನ ಚಿಕ್ಕಪ್ಪನ ಮಗ. ಕಾಲು ಕುಂಟು, ಅದಕ್ಕೇ ಯುದ್ಧಕ್ಕೆ ಕರೆಯಲಿಲ್ಲ. ಕುದುರೆಯ ಮೇಲೆ ದೊಡ್ಡಿಯಿಂದ ದೊಡ್ಡಿಗೆ ಟಪಾಲು ಒಯ್ಯುತ್ತಾನೆ. ಬಾಯಿ ಮಾತ್ರ ಕುಂಟಲ್ಲ.

"ಅತ್ತಿಗೆ, ಇನ್ನೂ ಇದ್ದೀರಾ? ಗೋರಿಗೆ ಕಲ್ಲು ಹೊರಿಸ್ಕೊಂಡು ಬರೋಣ ಅಂತಿದ್ದೆ."

"ನೀನು ಸಾಯೋ ತನಕ ನಾನು ಸಾಯಲ್ಲ ಮೈದುನ. ಅಲ್ಲಿಗೆ ಹೋಗಿ ಮತ್ತೆ ನಿನ್ನ ಮುಖ ಕಾಯ್ತಾ ಕೂರೋಕಾಗಲ್ಲ. ಈ ಮಂಜಲ್ಲಿ ದಾರಿ ಹೇಗೆ ಸಿಕ್ತು?"

"ಯಾವ ಮಂಜು? ಇಲ್ಲಿ ನಿಂತ್ರೆ ಕೆಳಗಿನ ಹೊಳೆ ಕಲ್ಲು ಎಣಿಸ್ಬೋದು."

"ಕುಡಿದು ಬಂದಿದ್ದೀಯ."

"ಯುದ್ಧ ಶುರುವಾದ ಮೇಲೆ ಕುಡಿಯೋಕೆ ಏನಿದೆ ಅತ್ತಿಗೆ? ಹೊಳೆ ನೀರು."

ಒಳಗೆ ಬಂದು ಕುಳಿತು, ಮಾಂಸ ಒಣಗಿಸಲು ಕಟ್ಟಿದ ಹಗ್ಗ ನೋಡಿದ. ಹಗ್ಗದಲ್ಲಿ ನನ್ನ ಕಾಲುಚೀಲ ಮಾತ್ರ ಒಣಗುತ್ತಿತ್ತು.

"ನಾಲ್ಕು ಗುಂಡು ಹೋಯ್ತು," ಎಂದೆ. "ಕೋವಿ ಕೆಟ್ಟಿದೆ. ಸಿರ್ಗಾ ದಾಟಿದ್ದಾಳೆ."

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ."

"ಚಹಾ ಬೇಕಾ, ಬೇಡ್ವಾ?"

"ಬೇಕು. ನೆಲವೇ ಡೊಂಕು."

ಸಾನಾಶ್‌ನ ಕಾಗದ ತಂದಿದ್ದ. ಮೂರು ಮೂಲೆ ಮಡಿಚಿದ ಕಾಗದ. ಪೆನ್ಸಿಲ್ಲಿನಲ್ಲಿ ಗೀಚಿದ್ದಾನೆ, ದಾರಿಯಲ್ಲಿ ಉಜ್ಜಿ ಉಜ್ಜಿ ಬೂದಿಯಾಗಿದೆ. "ನೀನೇ ಓದು, ನನಗೆ ಒಲೆ ನೋಡ್ಬೇಕು" ಎಂದೆ. ಶೊಂಕೊರ್ ತಡವರಿಸದೆ ಓದಿದ. ಚೆನ್ನಾಗಿದ್ದಾನಂತೆ. ಅಲ್ಲಿ ಬೆಟ್ಟಗಳೇ ಇಲ್ಲವಂತೆ, ಎತ್ತ ನೋಡಿದರೂ ಯಾರೋ ನೋಡುತ್ತಿರುವ ಹಾಗೆ ಅನ್ನಿಸುತ್ತದಂತೆ. ಕೊನೆಗೆ ಬರೆದಿದ್ದ: ಅವ್ವಾ, ಮಗಳು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದಾ, ನನಗೆ ಬೀಳುವ ಹಾಗೆ? ನೋಡಿ ಬರೆ.

ನನಗೆ ಗೊತ್ತಿಲ್ಲ.

ನಲವತ್ತು ದಿನ ಅವಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದೇನೆ. ಮೈಯ ವಾಸನೆ ಗೊತ್ತು, ಅಳುವಿನಲ್ಲಿ ಯಾವುದು ಹಸಿವು, ಯಾವುದು ಹಟ ಎಂದು ಗೊತ್ತು. ಗುಳಿ ಗೊತ್ತಿಲ್ಲ. ಮನೆಯೊಳಗೆ ಬೆಳಕೇ ಸಾಲದು.

"ಮಗು ಹೇಗಿದೆ?" ಎಂದೆ.

"ಅಳ್ತಿದೆ. ಮೊದಲು ಜೋರಾಗಿ ಅಳ್ತಿತ್ತು. ಈಗ ಸಣ್ಣಗೆ."

ಸಣ್ಣಗೆ ಅಳುವುದು ಏನೆಂದು ಇಬ್ಬರಿಗೂ ಗೊತ್ತಿದೆ.

ಹೋಗುವಾಗ ಸಿರ್ಗಾ ಕೊಟ್ಟ ಗಂಟು ಬಿಚ್ಚಿ ಇಟ್ಟ. ಹುರಿಹಿಟ್ಟು, ಹೊಗೆಯಲ್ಲಿ ಒಣಗಿಸಿದ ಎರಡು ಬಿಲ್ಲೆ ಗಿಣ್ಣು. ಅದರ ಕೆಳಗೆ ಅವಳ ತಕಲಿಯ ಬುಡದ ಸೀಸದ ಬಿಲ್ಲೆ. ಅವಳ ತಾಯಿ ಕೊಟ್ಟದ್ದು. ಕಡ್ಡಿ ಕಿತ್ತು ಬಿಲ್ಲೆ ಮಾತ್ರ ಕಳಿಸಿದ್ದಾಳೆ.

"ಗುಂಡು ಸಾಲದೆ ಬರ್ಬೋದು ಅಂದ್ಲು," ಎಂದ ಶೊಂಕೊರ್.

"ಸಾಲದೆ ಬರುತ್ತೆ ಅಂತ ಇವಳಿಗೆ ಹೇಗೆ ಗೊತ್ತು? ನಾನು ತಪ್ಪೋದು ಇವಳಿಗೆ ಮೊದಲೇ ಗೊತ್ತಿತ್ತಾ?"

ಮೈದುನ ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತಲೇ ಇದ್ದ. ಅವನು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಇದೇ ಮೊದಲು.

ಡಿಸೆಂಬರ್ 2

ಮೂರು ದಿನ ಬಿಲ್ಲೆಯನ್ನು ಕರಗಿಸಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೆ. ನಯವಾಗಿದೆ. ಎರಡು ತಲೆಮಾರಿನ ಬೆರಳು ಸವೆಸಿದ್ದು. ಅಂಚಿನಲ್ಲಿ ಸಣ್ಣ ಗೀರುಗಳಿವೆ, ಯಾವುದೋ ಮಗು ಹಲ್ಲು ಬರುವಾಗ ಕಚ್ಚಿದ್ದಿರಬೇಕು. ಸಿರ್ಗಾಳೇ ಇರಬಹುದು.

ಇವತ್ತು ಕರಗಿಸಿದೆ. ಎರಡು ಗುಂಡಾಯಿತು. ಒಂದಿಷ್ಟು ಸೀಸ ಅಚ್ಚಿನ ಹೊರಗೆ ಬಿದ್ದು ಕೈ ಸುಟ್ಟಿತು. ಅಚ್ಚಿನ ಬಾಯಿ ಮೊದಲು ಇಷ್ಟು ಚಿಕ್ಕದಿರಲಿಲ್ಲ.

ಮಾತಾಡಿ ನಾಲ್ಕು ದಿನವಾಯಿತು. ಹಕ್ಕಿಯೂ ಬರುತ್ತಿಲ್ಲ. ಉಪ್ಪುಚಹಾ ಕುದಿಯುವಾಗ "ಉಪ್ಪು ಹಾಕಿದೆಯಾ?" ಎಂದು ಕೇಳಿದೆ. ಯಾರನ್ನು ಕೇಳಿದೆ ಎಂದು ಆಮೇಲೆ ಯೋಚಿಸಿದೆ. ಯಜಮಾನನನ್ನಲ್ಲ. ಅವನು ಒಂದು ದಿನವೂ ಚಹಾ ಮಾಡಿದವನಲ್ಲ.

ಡಿಸೆಂಬರ್ 6

ಹಳೆಯ ಗುಂಡು ಹೋಯಿತು. ತಕಲಿಯದು ಎರಡಿದೆ.

ಹಿಮ ಆಳವಾಗಿದೆ. ಮೊಣಕಾಲು ನೋವು. ಬೆಟ್ಟದೊಡೆಯ ನನ್ನ ಮೇಲೆ ಯಾಕೆ ಮುನಿದಿದ್ದಾನೋ. ನನಗೆ ಬೇಡ, ಮಗುವಿಗೆ ಕೊಡು ಎಂದೆ.

ಡಿಸೆಂಬರ್ 9

ಇವತ್ತು ಬರೆಯುವುದಿಲ್ಲ.

ಡಿಸೆಂಬರ್ 11

ಸಿರ್ಗಾ ನೀರಿಗೆ ಹೋಗಿದ್ದಾಳೆ. ಬರುವುದರೊಳಗೆ ಬರೆಯಬೇಕು.

ಮೊನ್ನೆ ಬೆಳಗ್ಗೆ ಗುಡಿಸಲಿನ ಕೆಳಗಿನ ಇಳಿಜಾರಿನಲ್ಲಿ ಕುಳಿತಿದ್ದೆ. ಗಾಳಿ ನನ್ನ ಮುಖಕ್ಕಿತ್ತು. ಕಡ್ಡಿ ಮುರಿದ ಸದ್ದು. ಲಾರ್ಚ್ ಮರಗಳ ನಡುವೆ ಒಂದು ಕಂದು ಬೆನ್ನು. ತಲೆ ತಗ್ಗಿಸಿದೆ, ಏನೋ ಆಯುತ್ತಿದೆ. ಹಿಂಭಾಗದಲ್ಲಿ ಬಿಳಿಯ ಮಚ್ಚೆ. ಈ ಸಲ ಬೇರಲ್ಲ, ಕದಲುತ್ತಿದೆ. ಐವತ್ತು ಹೆಜ್ಜೆ ಇರಬಹುದು, ಮೂವತ್ತೂ ಇರಬಹುದು. ಹಿಂದೆ ದಪ್ಪ ಮರ. ಮದ್ದು ಸುರಿದೆ, ತಕಲಿಯ ಗುಂಡು ಹಾಕಿ ಜಡಿದೆ, ಚಕಮಕಿಯ ಕೆಳಗಿನ ಪುಟ್ಟ ಬಟ್ಟಲಿಗೆ ಕಿಡಿಮದ್ದು ಉದುರಿಸಿದೆ. ಆ ಬಿಳಿಯ ಮಚ್ಚೆಯ ನಡುವಿಗೆ ಗುರಿ ಹಿಡಿದೆ. ಬೇರೇನೂ ಸ್ಪಷ್ಟವಿರಲಿಲ್ಲ, ಅದೊಂದೇ ಕಾಣುತ್ತಿತ್ತು. ಉಸಿರು ಕಟ್ಟಿ ಕೀಲು ಎಳೆದೆ.

ಚಕಮಕಿ ಬಡಿಯಿತು. ಕಿಡಿ ಹಾರಿತು. ಈಡು ಹಾರಲಿಲ್ಲ.

ಆ ಬಿಳಿಯ ಮಚ್ಚೆ ಅತ್ತಿತು. ಸಣ್ಣಗೆ.

ಸಾನಾಶ್‌ನ ಎಲಿಕ್ ಚರ್ಮದ ಕೋಟು ತೊಟ್ಟು, ಕೂದಲು ಹೊರಮುಖವಾಗಿ, ಸಿರ್ಗಾ ಬಂದಿದ್ದಳು. ಕುದುರೆಯನ್ನು ಹೊಳೆಯ ಹತ್ತಿರ ಕಟ್ಟಿ, ಹತ್ತುತ್ತ ಹತ್ತುತ್ತ ನನ್ನ ಒಲೆಗೆ ಒಣಕಡ್ಡಿ ಆಯುತ್ತಿದ್ದಳು. ಬೆನ್ನ ಮೇಲೆ ಬಿಳಿಯ ಉಣ್ಣೆಗಂಬಳಿಯಲ್ಲಿ ಮಗು.

ಕೋವಿಯನ್ನು ಪಕ್ಕಕ್ಕಿಟ್ಟೆ. ಬಟ್ಟಲು ಮುಟ್ಟಿ ನೋಡಿದೆ, ಖಾಲಿ. ಕಿಡಿಮದ್ದೆಲ್ಲ ನನ್ನ ತೋಳಿನ ಮೇಲೆ ಬಿದ್ದಿತ್ತು, ಬಟ್ಟಲಿನ ಪಕ್ಕಕ್ಕೆ ಸುರಿದಿದ್ದೆ. ನಲವತ್ತು ಸಲ, ನಾಲ್ಕುನೂರು ಸಲ ಸುರಿದ ಕೈ.

ಅವಳು ಹತ್ತಿರ ಬಂದು, "ಸೌದೆ ಒದ್ದೆ ಇದೆ ಅತ್ತೆ, ಹೊಗೆಯಾಗುತ್ತೆ," ಎಂದಳು. ಅಷ್ಟೇ. ನಾನು "ಕುರಿ ಯಾರು ನೋಡ್ತಾರೆ?" ಎಂದೆ. ನನ್ನ ಧ್ವನಿ ಎಲ್ಲಿಂದ ಬಂತೋ ಗೊತ್ತಿಲ್ಲ.

"ಶೊಂಕೊರ್ ಮಾವನ ಹೆಂಡ್ತಿ. ಐದು ದಿನ ನೋಡ್ಕೋತೀನಿ ಅಂದಿದ್ದಾರೆ."

"ಯಾಕೆ ಬಂದೆ? ನನ್ನ ಕೈಲಿ ಆಗಲ್ಲ ಅಂತಲಾ?"

"ಅಲ್ಲ ಅತ್ತೆ. ನನ್ನ ಕೈಲಿ ಆಗ್ಲಿಲ್ಲ. ಮನೆ ಬಿಕೋ ಅಂತಿತ್ತು. ಬೈಯೋರೇ ಇರ್ಲಿಲ್ಲ."

ಮಗುವನ್ನು ಇಳಿಸಿ ನನ್ನ ತೊಡೆಯ ಮೇಲೆ ಹಾಕಿದಳು. ಹಗುರವಾಗಿದೆ, ಬಿಟ್ಟುಬಂದಾಗ ಇದ್ದದ್ದಕ್ಕಿಂತಲೂ. ನಾನು ಕೈ ಎತ್ತಲಿಲ್ಲ. ನನ್ನ ಕೈಯಲ್ಲಿ ಮದ್ದಿನ ಮಸಿ ಇತ್ತು.

ಬಂದಳು. ಕೊಡ ಕಟ್ಟೆಗೆ ತಾಗಿದ ಸದ್ದು.

ಡಿಸೆಂಬರ್ 12

ಬೆಳಗ್ಗೆ ಕೋವಿಯನ್ನು ಹಿಮದ ಮೇಲೆ ಅಡ್ಡ ಮಲಗಿಸಿದೆ.

"ದಾಟು," ಎಂದೆ.

ಸಿರ್ಗಾ ಹೆದರಿದಳು. "ಯಾಕತ್ತೆ?"

"ದಾಟಿದೋಳ ಮಾತು ಮಾತ್ರ ಕೇಳ್ತೀನಿ ಅಂತಿದೆ ಇದು. ಹಾಳಾದ್ದು, ಯಜಮಾನನ ಹಾಗೇ, ಎಳೇ ಹುಡುಗೀರ ಮಾತು ಕೇಳುತ್ತೆ. ದಾಟು ಅಂದ್ನಲ್ಲ."

ದಾಟಿದಳು. ಕೋವಿ ಅವಳ ಕೈಗೆ ಕೊಟ್ಟೆ. ಮಗುವನ್ನು ನನ್ನ ಬೆನ್ನಿಗೆ ಕಟ್ಟಿಕೊಂಡೆ. ಬೇಟೆಗೆ ಮಗು ಕಟ್ಟಿಕೊಂಡು ಹೋದವರು ಈ ಬೆಟ್ಟಗಳಲ್ಲಿ ನಾವೇ ಮೊದಲಿರಬೇಕು. ಬೆಟ್ಟದೊಡೆಯ ನಕ್ಕಿರುತ್ತಾನೆ. ನಕ್ಕವನು ಏನಾದರೂ ಕೊಟ್ಟೇ ಕೊಡುತ್ತಾನೆ.

ಗಾಳಿ ಎತ್ತಣದು, ಎಲ್ಲಿ ಹಿಮ ತೆಳ್ಳಗಿದ್ದು ಹುಲ್ಲು ಇರುತ್ತದೆ, ಅದೆಲ್ಲ ನನ್ನ ಕಾಲಿಗೆ ಗೊತ್ತು. ಬಿಸಿಲು ಬೀಳುವ ಇಳಿಜಾರಿನಲ್ಲಿ ಕುಳಿತೆವು. ಅವಳಿಗಿಂತ ಮೊದಲು ನನಗೆ ಕೇಳಿಸಿತು, ಗೊರಸು ಹಿಮ ಕೆದಕುವ ಸದ್ದು. ಎಡಗಡೆಗೆ ಅವಳ ಭುಜ ಒತ್ತಿದೆ.

"ಇದೆ," ಎಂದು ಉಸಿರಲ್ಲೇ ಹೇಳಿದಳು. "ಕೊಂಬು ಉದುರಿದ ಗಂಡು."

"ಹಿಂದೆ ಮರ ಇದೆಯಾ?"

"ಇಲ್ಲ. ಎರಡು ಹೆಜ್ಜೆ ಮುಂದೆ ಬಂದ್ರೆ ಇದೆ."

"ಕಾಯಿ."

ಕಾದೆವು. ಬೆರಳು ಮರಗಟ್ಟಿತು. ಆಗ ಬೆನ್ನ ಮೇಲೆ ಎರ್ಕೆಲೈ ಒಂದು ಸಣ್ಣ ಸದ್ದು ಮಾಡಿದಳು, ಅಳುವಲ್ಲ, ಕೂಗಲ್ಲ, ಮರಿಯ ಹಾಗೆ. ಕೆಟ್ಟಿತು ಎಂದುಕೊಂಡೆ. ಸಿರ್ಗಾ ಮೆಲ್ಲಗೆ, "ತಲೆ ಎತ್ತಿದೆ ಅತ್ತೆ. ನಮ್ಮ ಕಡೆಗೇ ನೋಡ್ತಿದೆ. ಬರ್ತಿದೆ," ಎಂದಳು. ಒಂದು ಹೆಜ್ಜೆ, ಎರಡು ಹೆಜ್ಜೆ, ನನಗೂ ಕೇಳಿಸಿತು.

"ಮುಂಗಾಲಿನ ಹಿಂದೆ. ಉಸಿರು ಅರ್ಧ ಬಿಟ್ಟು ಹಿಡಿ. ಎಳೀಬೇಡ, ಒತ್ತು."

ಈಡು ಹಾರಿತು. ಬೆಟ್ಟವೆಲ್ಲ ಗುಡುಗಿತು. ಮಗು ಈಗ ನಿಜವಾಗಿ ಅತ್ತಿತು.

"ಬಿತ್ತು ಅತ್ತೆ," ಎಂದಳು. ಆಮೇಲೆ ಅವಳೂ ಅತ್ತಳು. ಈ ಸಲ ಬೈಯಲಿಲ್ಲ.

ಗುಂಡು ಆಚೆ ಪಕ್ಕೆಯ ಚರ್ಮದ ಕೆಳಗೆ ಸಿಕ್ಕಿತು, ಚಪ್ಪಟೆಯಾಗಿ. ತೊಳೆದು ಅವಳ ಅಂಗೈಯಲ್ಲಿಟ್ಟೆ. ಮೊದಲ ಸಾರು ಬೆಂಕಿಗೆ, ಎರಡನೆಯದು ಅವಳಿಗೆ. ಮೂರು ಬಟ್ಟಲು ಕುಡಿಸಿದೆ. ಒಂದು ಮುಂದೊಡೆ ಶೊಂಕೊರ್‌ಗೆಂದು ಎತ್ತಿಟ್ಟೆವು. ತಿಂದು ಬಾಯಿ ಮುಚ್ಚಿಕೊಂಡಿರಲಿ.

ಜನವರಿ 4, 1944

ಇದು ಸಿರ್ಗಾಳ ಕೈ, ಬಾಯಿ ನನ್ನದು. ಇವಳು ಏಳು ವರ್ಷ ಶಾಲೆಗೆ ಹೋದವಳು. ಅಕ್ಷರ ಮಣಿ ಪೋಣಿಸಿದ ಹಾಗಿದೆಯಂತೆ, ಶೊಂಕೊರ್ ಹೇಳಿದ. ನನ್ನ ಅಕ್ಷರಗಳು ಈಗ ಒಂದರ ಮೇಲೊಂದು ಹತ್ತಿ ಕೂರುತ್ತವಂತೆ. ಅದಕ್ಕೇ ಇವಳಿಗೆ ಕೊಟ್ಟೆ. ನಾನು ಹೇಳಿದ್ದನ್ನಷ್ಟೇ ಬರೆಯಬೇಕು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನೂ ಬರೆದೆಯಾ? ಸರಿ, ಇರಲಿ.

ದೊಡ್ಡಿಗೆ ಇಳಿದು ಬಂದು ಇಪ್ಪತ್ತು ದಿನವಾಯಿತು. ಹಾಲು ಬಂದಿದೆ. ಕೆಳಗಿನ ದೊಡ್ಡಿಯವರಿಗೂ ಕೇಳುವ ಹಾಗೆ ಮಗು ಜೋರಾಗಿ ಅಳುತ್ತಿದೆ. ಎರಡು ಗುಂಡನ್ನೂ ಕರಗಿಸಿ ಮತ್ತೆ ತಕಲಿಗೆ ಬಿಲ್ಲೆ ಮಾಡಿದೆವು. ಸ್ವಲ್ಪ ಓಲಾಡುತ್ತದೆ. ಬೇಟೆಗೆ ಹೋಗುವ ದಿನ ಗುಂಡು, ಉಳಿದ ದಿನ ಬಿಲ್ಲೆ. ಹೊಡೆಯುವುದು ಇವಳು. ಹೆಸರೂ ಇವಳದೇ ಇರಲಿ ಎಂದಿದ್ದೇನೆ.

ಸಾನಾಶ್‌ಗೆ ಬೇರೆ ಕಾಗದದಲ್ಲಿ ಬರೆಯಬೇಕು: ಗುಳಿ ಬೀಳುತ್ತದೆ. ಎಡಗೆನ್ನೆಯಲ್ಲಿ. ನಗುವಾಗ ಬೆರಳಿಟ್ಟು ನೋಡಿದೆ, ನನ್ನ ಕಿರುಬೆರಳ ತುದಿ ಹಿಡಿಸುತ್ತದೆ.

ಯಾಕೆ ನಿಲ್ಲಿಸಿದೆ? ಹಾಳೆ ತಿರುವುವ ಸದ್ದು ನನಗೆ ಕೇಳಿಸುತ್ತದೆ. ಕಿವಿ ಇನ್ನೂ ಇದೆ. ಹಿಂದಿನದನ್ನು ಓದುತ್ತಿದ್ದೀಯಾ? ಓದು. ಹನ್ನೊಂದನೇ ತಾರೀಕಿನದು ಓದು. ಓದಲಿ ಎಂದೇ ಪುಸ್ತಕ ಕೊಟ್ಟದ್ದು. ಬಾಯಲ್ಲಿ ಹೇಳಲು ಮೂರು ವಾರದಿಂದ ಆಗಲಿಲ್ಲ.

ಆಯಿತಾ?

ಆಯಿತು ಎಂದೆ. ಇದು ನಾನು, ಸಿರ್ಗಾ. ಒಂದಕ್ಷರ ಕಡಿಮೆ ಬರೆಯಬಾರದು ಎಂದಿದ್ದಾರೆ, ಅದಕ್ಕೆ ನನ್ನ ಮಾತನ್ನೂ ಬರೆಯುತ್ತಿದ್ದೇನೆ. ನನಗೆ ಅವತ್ತೇ ಗೊತ್ತಿತ್ತು ಎಂದೆ. ಚಕಮಕಿ ಬಡಿದ ಸದ್ದು ನನಗೂ ಕೇಳಿಸಿತ್ತು. ತಿರುಗಿ ನೋಡಿದಾಗ ನಳಿಗೆ ನನ್ನ ಕಡೆಗೇ ಇತ್ತು.

"ಮತ್ತೆ ಯಾಕೆ ಹೇಳ್ಲಿಲ್ಲ?" ಎಂದು ಅತ್ತೆ ಕೇಳಿದರು.

"ಹೇಳಿದ್ರೆ ನೀವು ಕೋವಿ ಮುರಿದು ಒಲೆಗೆ ಹಾಕ್ತಿದ್ರಿ. ನಿಮ್ಮನ್ನ ನೀವು ಏನು ಮಾಡ್ಕೋತಿದ್ರೋ. ನಮಗೆ ಎರಡೂ ಬೇಕಿತ್ತು ಅತ್ತೆ, ಕೋವೀನೂ, ನೀವೂ."

ಚಹಾ ಆರಿತು. ಅತ್ತೆ ಮಗುವಿನ ಕೆನ್ನೆಯ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು. ಆಮೇಲೆ ಕೇಳಿದರು:

"ಮೊದಲ ಸಲ, ಕೋವೀನ ಒಲೆ ಹತ್ರ ಎಣ್ಣೆ ಹಚ್ಚೋಕೆ ಇಟ್ಟಿದ್ದೆನಲ್ಲ. ಅವತ್ತು ದಾಟಿದ್ದೆಯಾ?"

"ಇಲ್ಲ ಅತ್ತೆ. ಸುತ್ತಿಕೊಂಡೇ ಹೋಗಿದ್ದೆ."

"ಹಾಗಾದ್ರೆ ಬರಿ," ಎಂದರು.

ಕೋವಿಗೆ ಯಾವ ದೋಷವೂ ಇರಲಿಲ್ಲ.